ಪ್ಯಾಡ್ ಹೊಸದು, ಬ್ರೇಕ್ ಮಾತ್ರ ಹಿಡಿಯುತ್ತಿಲ್ಲ: ಪಿಕಪ್ ಮತ್ತು ಲಾರಿ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಕುಳಿತವನಿಗೆ ವಾರಕ್ಕೆ ಎರಡು ಮೂರು ಸಲವಾದರೂ ಬರುವ ದೂರು ಇದು. ಗಾಡಿ ನಿಲ್ಲಿಸಿ ಇಳಿಯುತ್ತಲೇ ಚಾಲಕರು, "ಮೊನ್ನೆಯಷ್ಟೇ ಪ್ಯಾಡ್ ಹಾಕಿಸಿದೆ ಅಣ್ಣ, ಹಳೆಯದೇ ವಾಸಿಯಾಗಿತ್ತು" ಎನ್ನುತ್ತಾರೆ. ಬಂದವರಿಗೆಲ್ಲ ಹೇಳಿದ್ದನ್ನೇ ಹೇಳಿ ಸಾಕಾಗಿ, ಒಂದೆಡೆ ಬರೆದಿಟ್ಟಿದ್ದೇನೆ. ಮೊದಲರ್ಧ ಬ್ರೇಕ್ ಆಯಿಲ್‌ನಿಂದ ಕೆಲಸ ಮಾಡುವ ಪಿಕಪ್, ಸಣ್ಣ ಲಾರಿಗಳಿಗೆ. ಉಳಿದರ್ಧ ಗಾಳಿ ಬ್ರೇಕಿನ ದೊಡ್ಡ ಲಾರಿಗಳಿಗೆ.

ಹೊಸ ಪ್ಯಾಡ್ ಹಾಕಿದ ಮೇಲೆ ಬ್ರೇಕ್ ಕಡಿಮೆಯಾಗಿದೆ. ಪ್ಯಾಡೇ ಕಳಪೆಯೇ?

ಇರಬಹುದು, ಆದರೆ ಅದು ನಾನು ಕೊನೆಗೆ ಅನುಮಾನಿಸುವ ವಿಷಯ. ಪ್ಯಾಡ್ ಬದಲಿಸುವಾಗ ಚಕ್ರ ಬಿಚ್ಚುತ್ತಾರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಳಚುತ್ತಾರೆ, ಅದರೊಳಗಿನ ಪಿಸ್ಟನ್ ಹಿಂದಕ್ಕೆ ಒತ್ತುತ್ತಾರೆ, ಕೆಲವೊಮ್ಮೆ ಆಯಿಲ್‌ನಲ್ಲಿ ಸೇರಿದ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸುತ್ತಾರೆ. ತಪ್ಪು ಹೆಚ್ಚಾಗಿ ನಡೆಯುವುದು ಈ ಕೈಕೆಲಸದಲ್ಲಿ. ಹೊಸ ಪ್ಯಾಡನ್ನು ಬೈದು ಇನ್ನೊಂದು ಜೊತೆ ತಂದು ಹಾಕಿದರೂ ಅದೇ ತೊಂದರೆ ಇರುತ್ತದೆ; ಹಣ ಮಾತ್ರ ಎರಡು ಸಲ ಹೋಗಿರುತ್ತದೆ.

ಹೀಗೇ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದೇ?

ಪೆಡಲ್ ತಳ ಮುಟ್ಟುತ್ತಿದ್ದರೆ, ಆಯಿಲ್ ಸೋರುತ್ತಿದ್ದರೆ ಅಥವಾ ಗಾಳಿಯ ಒತ್ತಡ ಏರುತ್ತಿಲ್ಲವಾದರೆ ಬೇಡ. ಮೆಕ್ಯಾನಿಕ್ ನಿಮ್ಮಲ್ಲಿಗೆ ಬರಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಎಲ್ಲಿಂದ ನೋಡಲು ಶುರು ಮಾಡಬೇಕು?

ಸ್ಪ್ಯಾನರ್‌ಗೆ ಕೈ ಹಾಕುವ ಮೊದಲು ಪೆಡಲ್ ಒತ್ತಿ. ಅರ್ಧ ರೋಗ ಅಂಗಾಲಿಗೇ ತಿಳಿಯುತ್ತದೆ. ಆಯಿಲ್ ಬ್ರೇಕಿನಲ್ಲಿ ಪೆಡಲ್ ನಾಲ್ಕು ರೀತಿ ನಡೆದುಕೊಳ್ಳುತ್ತದೆ. ಒತ್ತಿದಾಗ ಸ್ಪಂಜಿನಂತೆ ಮೆತ್ತಗಿದ್ದು, ಎರಡು ಮೂರು ಸಲ ತುಳಿದರೆ ಮೇಲೆ ಬರುತ್ತದೆ ಎಂದಾದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಹಿಂದಿನ ಡ್ರಮ್ ಬ್ರೇಕಿನಲ್ಲಿ ಅಂತರ ಹೆಚ್ಚಾಗಿದೆ. ಗಟ್ಟಿಯಾಗಿ ನಿಂತು, ಒತ್ತಿ ಹಿಡಿದರೆ ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ದೋಷ ಮಾಸ್ಟರ್ ಸಿಲಿಂಡರಿನದು (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ), ಅಥವಾ ಎಲ್ಲೋ ಸೋರಿಕೆ. ಕಲ್ಲಿನಂತೆ ಗಟ್ಟಿ, ಎಷ್ಟು ಬಲ ಹಾಕಿದರೂ ಗಾಡಿ ನಿಲ್ಲದು ಎಂದಾದರೆ ಬೂಸ್ಟರ್ ಕಡೆ ನೋಡಿ; ನಿರ್ವಾತದ ಸಹಾಯದಿಂದ ಕಾಲಿನ ಬಲ ಹೆಚ್ಚಿಸುವ ಭಾಗ ಅದು. ಪೆಡಲ್ ಎಲ್ಲ ರೀತಿಯಲ್ಲೂ ಸರಿಯಾಗಿದ್ದು ಹಿಡಿತ ಮಾತ್ರ ಇಲ್ಲ ಎಂದರೆ, ಆಗ ಪ್ಯಾಡ್ ಮತ್ತು ಡಿಸ್ಕ್ ನಡುವಿನ ಮಾತು.

ಇದನ್ನು ಮಾಡದೆ ನೇರವಾಗಿ "ಏರ್ ತೆಗೆಯೋಣ" ಎಂದು ಹೊರಡುವವರೇ ಹೆಚ್ಚು. ಬೂಸ್ಟರ್ ಕೆಟ್ಟ ಗಾಡಿಯಲ್ಲಿ ದಿನವಿಡೀ ಏರ್ ತೆಗೆದರೂ ಏನೂ ಆಗದು.

ಪ್ಯಾಡ್ ಹಾಕಿದ ಮೇಲೆ ಮೊದಲ ಸಲ ಒತ್ತಿದಾಗ ಪೆಡಲ್ ನೆಲ ಮುಟ್ಟಿತು. ಗಾಬರಿಯಾಯಿತು. ಯಾಕೆ?

ದಪ್ಪ ಪ್ಯಾಡ್ ಕೂರಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದು ಮತ್ತೆ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ತಾಗಿಸುವ ತನಕ ಪೆಡಲ್ ಬರಿದಾಗಿಯೇ ಹೋಗುತ್ತದೆ. ಗಾಡಿ ಅಲುಗಾಡಿಸುವ ಮೊದಲು ನಿಂತಲ್ಲೇ ಏಳೆಂಟು ಸಲ ಮೆಲ್ಲಗೆ ತುಳಿದು ಪೆಡಲ್ ಗಟ್ಟಿಯಾದದ್ದನ್ನು ಖಚಿತಪಡಿಸಿಕೊಳ್ಳಬೇಕು. ಗ್ಯಾರೇಜಿನಿಂದ ರಿವರ್ಸ್ ತೆಗೆಯುವಾಗಲೇ ಹಿಂದಿನ ಗೋಡೆಗೋ ಕಾರಿಗೋ ಗುದ್ದಿದ ಪ್ರಸಂಗಗಳೆಲ್ಲ ಈ ಒಂದು ಮರೆವಿನ ಫಲ. ತುಳಿದ ಮೇಲೆ ಆಯಿಲ್ ಡಬ್ಬಿಯ ಮಟ್ಟವನ್ನೂ ನೋಡಿ.

ಎರಡು ಸಲ ಏರ್ ತೆಗೆಸಿದೆ. ಪೆಡಲ್ ಇನ್ನೂ ಮೆತ್ತಗೇ ಇದೆ.

ಇದಕ್ಕೆ ಒಂದು ಪ್ರಸಂಗ ಹೇಳಿಯೇ ಉತ್ತರಿಸುತ್ತೇನೆ. ಕೋಲಾರದ ಕಡೆಯಿಂದ ಟೊಮೆಟೊ ಸಾಗಿಸುವ ಪಿಕಪ್ ಒಂದು ಬಂದಿತ್ತು. ಪ್ಯಾಡ್ ಹಾಕುವಾಗ ಎರಡೂ ಕ್ಯಾಲಿಪರ್ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ್ದರು. ಆಮೇಲೆ ಮೂರು ಬಾಟಲಿ ಬ್ರೇಕ್ ಆಯಿಲ್ ಸುರಿದು ಏರ್ ತೆಗೆದಿದ್ದರಂತೆ. ಪೆಡಲ್ ಮಾತ್ರ ನೆನೆದ ಹತ್ತಿಯಂತಿತ್ತು. ನಾನು ಚಕ್ರ ಕಳಚಿ ಟಾರ್ಚ್ ಹಿಡಿದು ನೋಡಿದರೆ ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರಿನ ಕೆಳತುದಿಯಲ್ಲಿತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಗಾಳಿ ಮೇಲೇಳುವ ವಸ್ತು. ನಿಪ್ಪಲ್ ಕೆಳಗಿದ್ದರೆ ಆಯಿಲ್ ಹೊರಬರುತ್ತದೆ, ಗುಳ್ಳೆ ಮೇಲೆಯೇ ಕುಳಿತಿರುತ್ತದೆ. ಅದಲುಬದಲು ಮಾಡಿದ ಅರ್ಧ ಗಂಟೆಯಲ್ಲಿ ಪೆಡಲ್ ಮೇಲೆ ಬಂತು. ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು. ಈಗಲೇ ಬಗ್ಗಿ ನೋಡಬಹುದು, ಖರ್ಚಿಲ್ಲ.

ನಿಪ್ಪಲ್ ಸರಿಯಾಗಿದ್ದರೆ ಏರ್ ತೆಗೆದ ಕ್ರಮ ಕೇಳಿ. ಸಾಮಾನ್ಯ ಪದ್ಧತಿಯಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂರುವುದರಿಂದ ಹಿಂದಿನ ಎಡಚಕ್ರ, ಹಿಂದಿನ ಬಲಚಕ್ರ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಸರಿ. ಎಬಿಎಸ್ ಇರುವ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಜೋಡಿಸಿಯೇ ತೆಗೆಯಬೇಕಾಗುತ್ತದೆ. ನಡುವೆ ಡಬ್ಬಿಯಲ್ಲಿ ಆಯಿಲ್ ಬರಿದಾಗಿ ಗಾಳಿ ಎಳೆದುಕೊಂಡಿದ್ದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಮಾಡಿದ ಹೋಮ.

ಎಲ್ಲ ಸರಿಯಿದ್ದೂ ಮೆತ್ತಗಿದ್ದರೆ ಒಬ್ಬರಿಂದ ಪೆಡಲ್ ಒತ್ತಿಸಿ, ರಬ್ಬರ್ ಹೋಸನ್ನು ಕೈಯಲ್ಲಿ ಹಿಡಿದು ನೋಡಿ. ಹಳೆಯ ಹೋಸ್ ಒತ್ತಡಕ್ಕೆ ಬಲೂನಿನಂತೆ ಉಬ್ಬುತ್ತದೆ. ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿನಲ್ಲೇ ನೇತುಬಿಟ್ಟರೆ ಒಳಪದರ ಹರಿಯುವುದೂ ಉಂಟು. ತಂತಿಯಲ್ಲಿ ಕಟ್ಟಿ ತೂಗುಹಾಕುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮೊದಲು ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಏರ್ ತೆಗೆದ ದಿನವೇ ಕೆಟ್ಟಿತು. ಮೆಕ್ಯಾನಿಕ್ ಕೆಡಿಸಿದನೇ?

ಬೇಕೆಂದು ಯಾರೂ ಕೆಡಿಸುವುದಿಲ್ಲ, ಆದರೆ ಕಾರಣ ಅಲ್ಲಿಯೇ ಇದೆ. ವರ್ಷಗಟ್ಟಲೆ ಪೆಡಲ್ ಅರ್ಧದ ತನಕ ಮಾತ್ರ ಹೋಗುತ್ತಿರುತ್ತದೆ. ಸಿಲಿಂಡರಿನ ಒಳಗೆ ಸೀಲ್ ಮುಟ್ಟದ ಕೊನೆಯ ಭಾಗದಲ್ಲಿ ತುಕ್ಕು, ಕೆಸರು ಕೂರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲದ ತನಕ ಒತ್ತಿದರೆ ಸೀಲ್ ಆ ಒರಟು ಜಾಗಕ್ಕೆ ಹೋಗಿ ಸಿಗಿಯುತ್ತದೆ. ಅಂದಿನಿಂದ ಪೆಡಲ್ ಒತ್ತಿ ಹಿಡಿದರೆ ಇಳಿಯಲು ಶುರು. ಹಳೆಯ ಗಾಡಿಗಳಲ್ಲಿ ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟು ಏರ್ ತೆಗೆಯುವುದು ಇದಕ್ಕಾಗಿಯೇ. ಒಮ್ಮೆ ಸಿಗಿದ ಮೇಲೆ ಸೀಲ್ ಕಿಟ್ ಹಾಕುವುದಕ್ಕಿಂತ ಸಿಲಿಂಡರನ್ನೇ ಬದಲಿಸುವುದು ನನ್ನ ಅಭ್ಯಾಸ.

ಪೆಡಲ್ ಕಲ್ಲಿನಂತಾಗಿದೆ. ಬೂಸ್ಟರ್ ಪರೀಕ್ಷೆ ಮನೆಯಲ್ಲೇ ಸಾಧ್ಯವೇ?

ಸಾಧ್ಯ, ಒಂದು ನಿಮಿಷದ ಕೆಲಸ. ಎಂಜಿನ್ ನಿಲ್ಲಿಸಿ ಐದಾರು ಸಲ ಪೆಡಲ್ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲಿನಿಂದ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಿದರೆ ಬೂಸ್ಟರ್ ಬದುಕಿದೆ. ಅಲುಗಾಡದಿದ್ದರೆ ನಿರ್ವಾತ ತಲುಪುತ್ತಿಲ್ಲ. ಡೀಸೆಲ್ ಎಂಜಿನ್ ತಾನಾಗಿ ಸಾಕಷ್ಟು ನಿರ್ವಾತ ಕೊಡುವುದಿಲ್ಲ. ಅದಕ್ಕೆ ಬೇರೆ ಪಂಪು ಇರುತ್ತದೆ, ಎಷ್ಟೋ ಪಿಕಪ್‌ಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಆಲ್ಟರ್ನೇಟರ್ ರಿಪೇರಿ ಮಾಡಿಸಿದ ಬಳಿಕ ಬ್ರೇಕ್ ಗಟ್ಟಿಯಾದರೆ ಅಚ್ಚರಿಪಡಬೇಡಿ. ಪೈಪ್ ಕಳಚಿದೆಯೇ, ಬಿರಿದಿದೆಯೇ, ಬೆಲ್ಟ್ ಸಡಿಲವಿದೆಯೇ ಎಂದು ನೋಡಿ.

ಪೆಡಲ್ ಸರಿಯಾಗಿದೆ, ಹಿಡಿತ ಮಾತ್ರ ಸಾಲದು. ಇದು ತಾನಾಗಿ ಸರಿಹೋಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಹೊಸ ಪ್ಯಾಡಿನ ಮೈ ಸಮತಟ್ಟು. ಹಳೆಯ ಡಿಸ್ಕಿನ ಮೈಯಲ್ಲಿ ಗೆರೆ, ಏರುಪೇರು. ಮೊದಮೊದಲು ಎರಡೂ ಅಲ್ಲಲ್ಲಿ ಮಾತ್ರ ತಾಗುತ್ತವೆ. ಪೂರ್ತಿ ತಾಗುವ ತನಕ, ಅಂದರೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್, ಅಂತರ ಹೆಚ್ಚು ಬಿಟ್ಟು ಓಡಿಸಬೇಕು.

ಹೊಂದಿಸುವ ಕ್ರಮ ಹೀಗೆ. ವಾಹನ ಸಂಚಾರ ಕಡಿಮೆಯಿರುವ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 20ಕ್ಕೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ. ಬಿಟ್ಟು, ಅರ್ಧ ನಿಮಿಷದಿಂದ ಒಂದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ, ಗಾಳಿಗೆ ತಣಿಯಲಿ. ಹೀಗೆ ಹದಿನೈದು ಇಪ್ಪತ್ತು ಸಲ. ಕಾದ ಡಿಸ್ಕಿನ ಮೇಲೆ ಬ್ರೇಕ್ ಒತ್ತಿ ಹಿಡಿದು ನಿಲ್ಲಬೇಡಿ. ಹೊಸ ಪ್ಯಾಡ್ ಹಾಕಿದ ದಿನವೇ ಪೂರ್ತಿ ಲೋಡ್ ಹೇರಿ ಘಾಟಿ ಇಳಿಸಿದರೆ ಪ್ಯಾಡಿನ ಮೈ ಸುಟ್ಟು ಗಾಜಿನಂತೆ ಹೊಳೆಯುತ್ತದೆ. ಹಾಗಾದದ್ದು ಆಮೇಲೆ ಸುಮ್ಮನೆ ಓಡಿಸಿದರೆ ಸರಿಹೋಗುವುದಿಲ್ಲ.

ಮುನ್ನೂರು ಕಿಲೋಮೀಟರ್ ಕಳೆದೂ ಹಿಡಿಯದಿದ್ದರೆ ಬಿಚ್ಚಿಸಿ. ಪ್ಯಾಡಿನ ಮೇಲೆ ಗ್ರೀಸ್ ಅಥವಾ ಬ್ರೇಕ್ ಆಯಿಲ್ ತಾಗಿದೆಯೇ? ತಾಗಿದ್ದರೆ ಆ ಜೊತೆ ಎಸೆಯಿರಿ; ಪೆಟ್ರೋಲಿನಲ್ಲಿ ತೊಳೆದು, ಉಜ್ಜುಕಾಗದ ಹಿಡಿದು ಮತ್ತೆ ಹಾಕುವ ಜಾಣತನ ಎರಡು ದಿನ ಬಾಳುತ್ತದೆ, ಕಾದಾಗ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಡಿಸ್ಕೂ ಹೊಸದಾಗಿದ್ದರೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಸವರಿದ ಎಣ್ಣೆಯನ್ನು ಒರೆಸದೆ ಹಾಕಿರಬಹುದು. ಡಿಸ್ಕ್ ಹಳೆಯದಾಗಿದ್ದರೆ ಅಂಚಿನಲ್ಲಿ ಸವೆಯದೆ ಉಳಿದ ದಡ ಪ್ಯಾಡನ್ನು ಎತ್ತಿ ಹಿಡಿದಿರಬಹುದು. ಪ್ಯಾಡನ್ನು ಉಲ್ಟಾ ಹಾಕಿ, ಕಬ್ಬಿಣದ ಬೆನ್ನನ್ನು ಡಿಸ್ಕಿಗೆ ಕೊಟ್ಟದ್ದನ್ನೂ ಕಂಡಿದ್ದೇನೆ. ನಗು ಬರುತ್ತದೆ, ಆದರೆ ರಾತ್ರಿ ಹತ್ತು ಗಂಟೆಗೆ ಅವಸರದಲ್ಲಿ ಮಾಡಿದ ಕೆಲಸಗಳಲ್ಲಿ ಇದೂ ನಡೆಯುತ್ತದೆ.

ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಎಡಚಕ್ರ ಬಿಚ್ಚಿಸಲೇ?

ಮೊದಲು ಬಲಚಕ್ರ ಬಿಚ್ಚಿಸಿ. ಗಾಡಿ ಎಳೆಯುವುದು ಬ್ರೇಕ್ ಚೆನ್ನಾಗಿ ಹಿಡಿದ ಕಡೆಗೆ. ಎಡಕ್ಕೆ ಎಳೆದರೆ ಎಡಗಡೆ ಕೆಲಸ ಮಾಡುತ್ತಿದೆ, ಬಲಗಡೆ ಸೋಮಾರಿಯಾಗಿದೆ. ಕ್ಯಾಲಿಪರ್ ಜಾರುವ ಪಿನ್ನು ಒಣಗಿ ಅಂಟಿಕೊಂಡಿರುವುದೇ ಹೆಚ್ಚು. ಪ್ಯಾಡ್ ಬದಲಿಸುವಾಗ ಆ ಪಿನ್ನುಗಳನ್ನು ಒರೆಸಿ ಸಿಲಿಕಾನ್ ಗ್ರೀಸ್ ಸವರಬೇಕು; ಕೈಗೆ ಸಿಕ್ಕಿತೆಂದು ಬೇರಿಂಗ್ ಗ್ರೀಸ್ ಸವರಿದರೆ ರಬ್ಬರ್ ಬೂಟು ಊದಿಕೊಂಡು ಪಿನ್ನು ಇನ್ನಷ್ಟು ಬಿಗಿಯುತ್ತದೆ. ಪಿಸ್ಟನ್ ಸಿಕ್ಕಿಕೊಂಡಿರಬಹುದು. ಒಂದೇ ಕಡೆ ಪ್ಯಾಡ್ ಬದಲಿಸಿದ್ದರೆ ಕಾರಣ ಹುಡುಕುವುದೇ ಬೇಡ: ಒಂದು ಆ್ಯಕ್ಸಲ್ಲಿನ ಎರಡೂ ಕಡೆ ಒಟ್ಟಿಗೆ, ಒಂದೇ ತಯಾರಿಕೆಯದು ಹಾಕಬೇಕು.

ಐದಾರು ಕಿಲೋಮೀಟರ್ ಓಡಿಸಿ ಬಂದು ಚಕ್ರಗಳ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕಷ್ಟು ಗೊತ್ತಾಗುತ್ತದೆ. ತಣ್ಣಗಿರುವುದು ದುಡಿಯದ ಚಕ್ರ. ಉಳಿದವುಗಳಿಗಿಂತ ತೀರಾ ಕಾದು ಚುರ್ರೆನ್ನುವುದು ಬ್ರೇಕ್ ಬಿಡದೆ ಹಿಡಿದಿರುವ ಚಕ್ರ. ಕೈಯಿಂದ ಮುಟ್ಟಿ ನೋಡಬೇಡಿ.

ಮುಂದಿನ ಪ್ಯಾಡ್ ಬದಲಿಸಿದರೂ ಹಿಂದಿನ ಬ್ರೇಕಿನ ಬಗ್ಗೆ ಯಾಕೆ ಕೇಳುತ್ತೀರಿ?

ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರಮ್ಮಿನ ಲೈನರ್ ಸವೆದು ಅಂತರ ಹೆಚ್ಚಾದರೆ ಆ ಅಂತರ ತುಂಬಲು ಪೆಡಲ್ ಇಳಿಯುತ್ತದೆ. ಬೈಗುಳ ಮುಂದಿನ ಹೊಸ ಪ್ಯಾಡಿಗೆ. ಹ್ಯಾಂಡ್ ಬ್ರೇಕ್ ಸ್ವಲ್ಪ ಎಳೆದು ಪೆಡಲ್ ಒತ್ತಿ ನೋಡಿ. ಪೆಡಲ್ ಮೇಲೆ ಬಂದರೆ ದೋಷ ಹಿಂದೆ ಇದೆ, ಡ್ರಮ್ ಅಡ್ಜಸ್ಟ್ ಮಾಡಿಸಿದರೆ ಸಾಕು. ಕೆಲವು ಗಾಡಿಗಳಲ್ಲಿ ಹಿಂದಿನ ಆ್ಯಕ್ಸಲ್ಲಿಗೆ ಕಡ್ಡಿಯೊಂದು ಜೋಡಿಸಿದ ವಾಲ್ವ್ ಇರುತ್ತದೆ. ಲೋಡ್ ಹೆಚ್ಚಿದಷ್ಟೂ ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕ್ ಬಿಡುವುದು ಅದರ ಕೆಲಸ. ಹೆಚ್ಚು ಲೋಡ್ ಹೇರಲು ಕಮಾನಿಗೆ ಎರಡು ಪಟ್ಟಿ ಸೇರಿಸಿದವರು ಗಮನಿಸಿ: ಕಮಾನು ತಗ್ಗದ ಕಾರಣ ಗಾಡಿ ಖಾಲಿ ಇದೆಯೆಂದೇ ವಾಲ್ವ್ ಭಾವಿಸುತ್ತದೆ. ಮೈತುಂಬ ಹೇರು, ಹಿಂದೆ ಅರೆಬ್ರೇಕು.

ದೊಡ್ಡ ಲಾರಿಗೆ ಲೈನರ್ ಹಾಕಿಸಿದೆ. ಗಾಳಿ ಪೂರ್ತಿ ಇದೆ, ಆದರೂ ಬ್ರೇಕ್ ಹಿಡಿಯುತ್ತಿಲ್ಲ.

ನಮ್ಮ ರಸ್ತೆಯ ಬಹುಪಾಲು ಭಾರಿ ಲಾರಿಗಳಲ್ಲಿ ಪ್ಯಾಡ್ ಇಲ್ಲ. ಡ್ರಮ್ಮಿನೊಳಗೆ ಶೂ, ಶೂ ಮೇಲೆ ರಿವೆಟ್ ಹೊಡೆದ ಲೈನರ್. ಗಾಳಿ ತುಂಬಿದಾಗ ಬ್ರೇಕ್ ಚೇಂಬರಿನ ದಂಡ ಮುಂದೆ ಬಂದು, ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳಿನ ಮೂಲಕ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ; ಲೈನರ್ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವುದೂ ಆ ತೋಳಿನಲ್ಲೇ. ಇಲ್ಲಿ ಮೊದಲ ಅನುಮಾನ ಈ ಸ್ಲ್ಯಾಕ್ ಮೇಲೆ. ದಪ್ಪ ಲೈನರ್ ಒಳಗೆ ಹೋಗಲು ಸ್ಲ್ಯಾಕನ್ನು ಹಿಂದಕ್ಕೆ ತಿರುಗಿಸಿರುತ್ತಾರೆ. ಮತ್ತೆ ಸರಿಯಾಗಿ ಮುಂದಕ್ಕೆ ತರದಿದ್ದರೆ ಬ್ರೇಕ್ ಚೇಂಬರಿನ ದಂಡ ತನ್ನ ಓಟವನ್ನೆಲ್ಲ ಅಂತರ ತುಂಬುವುದರಲ್ಲೇ ಮುಗಿಸುತ್ತದೆ. ಒತ್ತಲು ಬಲ ಉಳಿಯುವುದಿಲ್ಲ. ಗಾಳಿಯ ಮುಳ್ಳು 8 ಬಾರ್ ತೋರಿಸಿದರೂ ಅದು ಟ್ಯಾಂಕಿನ ಲೆಕ್ಕ, ಚಕ್ರದ ಲೆಕ್ಕವಲ್ಲ.

ಅಳೆಯಲು ಸೀಮೆಸುಣ್ಣ ಸಾಕು. ಸಮತಟ್ಟು ನೆಲ, ಚಕ್ರಗಳಿಗೆ ಎರಡೂ ಕಡೆ ಕಲ್ಲು, ಗಾಳಿ ತುಂಬಿಸಿ ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಡಿ. ದಂಡ ಚೇಂಬರಿನಿಂದ ಹೊರಬರುವ ಜಾಗದಲ್ಲೇ ಅದರ ಮೇಲೆ ಒಂದು ಗೆರೆ ಎಳೆಯಿರಿ. ಕ್ಲೀನರ್ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಲಿ. ಗೆರೆ ಎಷ್ಟು ದೂರ ಬಂತೆಂದು ಅಳೆಯಿರಿ. 30ನೇ ಅಳತೆಯ ಸಾಮಾನ್ಯ ಚೇಂಬರಿನಲ್ಲಿ 2 ಅಂಗುಲ, ಅಂದರೆ ಸುಮಾರು 50 ಮಿ.ಮೀ., ದಾಟಿದರೆ ಆ ಚಕ್ರ ಅಡ್ಜಸ್ಟ್ ಆಗಿಲ್ಲ. 24ನೇ ಅಳತೆಗೆ ಮಿತಿ ಸುಮಾರು 45 ಮಿ.ಮೀ. ಉದ್ದ ಓಟದ ಚೇಂಬರ್‌ಗಳಿಗೆ ಮಿತಿ ಬೇರೆ. ಒಂದೇ ಆ್ಯಕ್ಸಲ್ಲಿನ ಎರಡು ಕಡೆ ಅಳತೆ ಹತ್ತಿರ ಹತ್ತಿರ ಇರಬೇಕು. ಬ್ರೇಕ್ ಹಿಡಿದಾಗ ದಂಡ ಮತ್ತು ಸ್ಲ್ಯಾಕಿನ ತೋಳು ಹೆಚ್ಚುಕಡಿಮೆ ಲಂಬಕೋನದಲ್ಲಿ ನಿಲ್ಲಬೇಕು.

ಕೈಯಿಂದ ಅಡ್ಜಸ್ಟ್ ಮಾಡುವ ಸ್ಲ್ಯಾಕ್ ಆಗಿದ್ದರೆ ಲೈನರ್ ಡ್ರಮ್ಮಿಗೆ ತಾಗುವ ತನಕ ಬಿಗಿ ಮಾಡಿ, ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಹಿಂದಕ್ಕೆ ಬಿಡುತ್ತಾರೆ. ಜಾಕ್ ಏರಿಸಿದ ಚಕ್ರ ಸದ್ದಿಲ್ಲದೆ ತಿರುಗಬೇಕು. ಆಟೊ ಸ್ಲ್ಯಾಕಿಗೂ ಲೈನರ್ ಹಾಕಿದ ದಿನ ಈ ಮೊದಲ ಹೊಂದಾಣಿಕೆ ಕೈಯಿಂದಲೇ ಆಗಬೇಕು. "ಆಟೊ ತಾನೇ, ತಾನಾಗಿ ಆಗುತ್ತದೆ" ಎಂದು ಬಿಟ್ಟ ಲಾರಿಗಳೇ ನನ್ನಲ್ಲಿಗೆ ಬರುವುದು. ಬಳಿಕ ಪೂರ್ತಿ ಗಾಳಿಯಲ್ಲಿ ಹತ್ತಾರು ಸಲ ಬ್ರೇಕ್ ಒತ್ತಿ ಬಿಟ್ಟರೆ ಉಳಿದದ್ದನ್ನು ಅದು ಸರಿಮಾಡಿಕೊಳ್ಳುತ್ತದೆ. ಆದರೆ ವಾರ ವಾರ ಆಟೊ ಸ್ಲ್ಯಾಕನ್ನು ಕೈಯಿಂದ ಬಿಗಿಯಬೇಕಾಗಿ ಬಂದರೆ ಸ್ಲ್ಯಾಕ್ ಹೋಗಿದೆ, ಅದರ ಹಿಡಿಕೆಯ ಬ್ರಾಕೆಟ್ ಅಲುಗಾಡುತ್ತಿದೆ ಅಥವಾ ಶೂಗಳನ್ನು ಅಗಲಿಸುವ ಕ್ಯಾಮಿನ ಬುಷ್ ಸವೆದಿದೆ.

ಒಂದು ಎಚ್ಚರಿಕೆ. ಹಿಂದಿನ ಚಕ್ರದ ಜೋಡಿ ಚೇಂಬರಿನಲ್ಲಿ ಪಾರ್ಕಿಂಗ್ ಬ್ರೇಕಿನ ಭಾರಿ ಸ್ಪ್ರಿಂಗ್ ಬಿಗಿದು ಕುಳಿತಿರುತ್ತದೆ. ಅದರ ಪಟ್ಟಿ ಸಡಿಲಿಸಲು ಹೋಗಬೇಡಿ. ಎದೆಗೆ ಬಡಿದರೆ ಜೀವ ಉಳಿಯುವುದಿಲ್ಲ.

ಸ್ಲ್ಯಾಕ್ ಸರಿಯಾಗಿದೆ, ಲೈನರ್ ಒಳ್ಳೆಯ ಕಂಪನಿಯದು. ಇನ್ನೇನು?

ಡ್ರಮ್ ಎಷ್ಟು ಸಲ ಲೇತಿಗೆ ಹೋಗಿದೆ ಎಂದು ನೆನಪಿಸಿಕೊಳ್ಳಿ. ಪ್ರತಿ ಸಲವೂ ಅದರ ಒಳವ್ಯಾಸ ಹಿಗ್ಗುತ್ತದೆ. ದೊಡ್ಡದಾದ ಡ್ರಮ್ಮಿನಲ್ಲಿ ಮೂಲ ಅಳತೆಯ ಹೊಸ ಲೈನರ್ ಹಾಕಿದರೆ ನಡುಭಾಗ ಮಾತ್ರ ತಾಗುತ್ತದೆ, ತುದಿಗಳು ಗಾಳಿಯಲ್ಲಿ. ಡ್ರಮ್ ಬಿಚ್ಚಿ ನೋಡಿದರೆ ಲೈನರಿನ ಮಧ್ಯದಲ್ಲಿ ಅಂಗೈ ಅಗಲದ ಹೊಳಪು ಕಾಣುತ್ತದೆ, ಉಳಿದದ್ದು ಅಂಗಡಿಯಿಂದ ತಂದ ಹಾಗೇ ಇರುತ್ತದೆ. ಡ್ರಮ್ ಮಿತಿಯೊಳಗಿದ್ದರೆ ಅದರ ವ್ಯಾಸಕ್ಕೆ ಹೊಂದುವಂತೆ ಲೈನರ್ ಉಜ್ಜಿಸಬೇಕು, ಅಥವಾ ಹೆಚ್ಚು ದಪ್ಪದ ಲೈನರ್ ಹಾಕಬೇಕು. ಮಿತಿಯ ಅಳತೆಯನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಮಿತಿ ಮೀರಿದ್ದರೆ ಗುಜರಿಗೆ. ಡ್ರಮ್ ಅಷ್ಟು ಹಿಗ್ಗಿ, ಕ್ಯಾಮ್ ಮಿತಿಗಿಂತ ಹೆಚ್ಚು ತಿರುಗಿ ಮಗುಚಿ ನಿಂತರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ.

ಹಬ್ಬಿನ ಎಣ್ಣೆ ಸೀಲನ್ನೂ ನೋಡಿ. ಲೈನರಿನ ಮೇಲೆ ಎಣ್ಣೆ ಹರಿದಿದ್ದರೆ ಸೀಲ್ ಬದಲಿಸದೆ ಲೈನರ್ ಬದಲಿಸಿ ಪ್ರಯೋಜನವಿಲ್ಲ. ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿಸಬೇಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಊರೊಳಗೆ ಬ್ರೇಕ್ ಚೆನ್ನಾಗಿದೆ, ಶಿರಾಡಿ ಘಾಟಿ ಇಳಿಯುವಾಗ ಮಾಯವಾಗುತ್ತದೆ.

ಸಕಲೇಶಪುರದಿಂದ ಗುಂಡ್ಯದ ತನಕ ಇಳಿಯುವಾಗ, ಅಥವಾ ಯಲ್ಲಾಪುರ ದಾಟಿ ಅರಬೈಲು ಇಳಿಯುವಾಗ, ಬ್ರೇಕಿನ ಮೇಲೆಯೇ ಕಾಲಿಟ್ಟು ಬಂದರೆ ಯಾವ ಲೈನರೂ ತಾಳದು. ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಕಾದ ಲೈನರಿನ ಹಿಡಿತ ಕುಗ್ಗುತ್ತದೆ, ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಮೊದಲೇ 45 ಮಿ.ಮೀ. ಓಡುತ್ತಿದ್ದ ದಂಡಕ್ಕೆ ಈಗ ಓಡಲು ಜಾಗವೇ ಇರುವುದಿಲ್ಲ. ಊರೊಳಗೆ ಸರಿಯಾಗಿದ್ದ ಲಾರಿ ಘಾಟಿಯಲ್ಲಿ ಕೈಕೊಡುವುದು ಹೀಗೆ.

ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳಬರ ಮಾತು ಸುಮ್ಮನೆ ಬಂದದ್ದಲ್ಲ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ಗಾಡಿಯ ವೇಗ ಇಳಿಸುವ ಸಾಧನ) ಇದ್ದರೆ ಬಳಸಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಯುವವರಿಗೆ ನಾನು ಕೆಲಸ ಮಾಡಿಕೊಡುವುದೇ ಇಲ್ಲ ಎಂದು ಹೇಳಿಬಿಟ್ಟಿದ್ದೇನೆ. ಕೆಳಗೆ ತಲುಪಿದ ಮೇಲೆ ಡ್ರಮ್ಮಿಗೆ ಕೊಡಗಟ್ಟಲೆ ನೀರು ಸುರಿದರೆ ಡ್ರಮ್ ಬಿರಿಯುತ್ತದೆ. ಕಾದಿರುವಾಗಲೇ ಸ್ಲ್ಯಾಕ್ ಬಿಗಿ ಮಾಡುವುದೂ ತಪ್ಪು: ತಣಿದ ಡ್ರಮ್ ಕುಗ್ಗಿ ಲೈನರನ್ನು ಹಿಡಿದುಕೊಳ್ಳುತ್ತದೆ, ಬೆಳಗ್ಗೆ ಚಕ್ರ ಕದಲುವುದಿಲ್ಲ.

ಯಾವ ಬ್ರೇಕ್ ಆಯಿಲ್ ಹಾಕಬೇಕು?

ಗಾಡಿಯಲ್ಲಿರುವ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದು. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಎರಡೂ ಗಾಳಿಯ ತೇವ ಹೀರುತ್ತವೆ. ತೇವ ಸೇರಿದ ಡಾಟ್ 3 ಸುಮಾರು 140ಕ್ಕೇ ಕುದಿಯಬಹುದು. ಕುದಿದರೆ ಆವಿ, ಆವಿಯೆಂದರೆ ಮೆತ್ತಗಿನ ಪೆಡಲ್. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಅರ್ಧ ಉಳಿದ ಹಳೆಯ ಬಾಟಲಿ ಬೇಡ. ಡಾಟ್ 5 ಸಿಲಿಕಾನ್ ಜಾತಿಯದು, ಇವುಗಳೊಂದಿಗೆ ಬೆರೆಸಬಾರದು.

ಹೊಸ ಪ್ಯಾಡ್ ಕಿರುಗುಟ್ಟುತ್ತದೆ.

ಹಿಡಿತ ಸರಿಯಿದ್ದರೆ ಕೆಲವು ದಿನ ಕಾಯಿರಿ. ಕಬ್ಬಿಣ ಕೊರೆಯುವ ಸದ್ದಾದರೆ ಕಾಯಬೇಡಿ.

ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಳ್ಳುವಾಗ ಏನು ಕೇಳಬೇಕು?

ಹಳೆಯ ಪ್ಯಾಡ್ ಅಥವಾ ಲೈನರ್ ತೋರಿಸಲು ಹೇಳಿ. ಒಳಗಿನದು ಸವೆದು ಹೊರಗಿನದು ಉಳಿದಿದ್ದರೆ ಪಿನ್ನು ಅಂಟಿಕೊಂಡಿತ್ತೆಂದು ಅರ್ಥ. ಪಿನ್ನು ಬಿಡಿಸಿದರೇ ಎಂದು ಕೇಳಿ. ಹಣ ಕೊಡುವ ಮೊದಲು ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ, ಮೊದಲು ಖಾಲಿ ಜಾಗದಲ್ಲಿ ಕಡಿಮೆ ವೇಗದಲ್ಲಿ. ಲಾರಿಯಾದರೆ ಎಂಜಿನ್ ನಿಲ್ಲಿಸಿ ಒಂದು ನಿಮಿಷ ಬ್ರೇಕ್ ಒತ್ತಿ ಹಿಡಿಯಿರಿ. ಗಾಳಿಯ ಮುಳ್ಳು ಕಣ್ಣಿಗೆ ಕಾಣುವಂತೆ ಇಳಿಯುತ್ತಿರಬಾರದು. ಚಕ್ರ ಬಿಚ್ಚಿದ ಕೆಲಸವಾದ್ದರಿಂದ ನೂರು ಕಿಲೋಮೀಟರ್ ಒಳಗೆ ಎಲ್ಲಾದರೂ ಚಹಾಕ್ಕೆ ನಿಲ್ಲಿಸಿದಾಗ ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಕೊಳ್ಳಿ.